ಹಡಗಿನ ಗಾಲಾ ಸಂಜೆಗೆ ಟಕ್ಸೀಡೋನಾ, ಸೂಟಾ, ಬಂದ್‌ಗಲಾನಾ?

ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಹಡಗು ಸೌತಾಂಪ್ಟನ್‌ನಿಂದ ನ್ಯೂಯಾರ್ಕ್ ತಲುಪಲು ಸಾಮಾನ್ಯವಾಗಿ 7 ರಾತ್ರಿ ಬೇಕು. ನಡುವೆ ಒಂದೆರಡು ಗಾಲಾ ಸಂಜೆ, ಅಂದರೆ ಎಲ್ಲರೂ ಠಾಕುಠೀಕಾಗಿ ಉಡುಪು ತೊಡುವ ಸಂಜೆ, ಇರುತ್ತವೆ. ಆಗ 6 ಗಂಟೆ ಮೇಲೆ ಗಂಡಸರಿಗೆ ಟಕ್ಸೀಡೋ (ಬೋ ಟೈ ಜೊತೆ ತೊಡುವ ಔತಣದ ಕಪ್ಪು ಸೂಟ್), ಇಲ್ಲವೇ ಟೈ ಜೊತೆ ಗಾಢ ಬಣ್ಣದ ಸೂಟ್.

ಟಕ್ಸೀಡೋ ನೋಡೋಕೆ ಚೆಂದ, ಅನುಮಾನವಿಲ್ಲ. ಕಾಲರಿನ ಪಟ್ಟಿಯಲ್ಲಿ ಸ್ಯಾಟಿನ್ ಮಿಂಚುತ್ತದೆ. ಆದರೆ ಅಂಗಿಗೆ ಗುಂಡಿ ಬದಲು ಪುಟಾಣಿ ಸ್ಟಡ್‌ಗಳು, ತೋಳಿಗೆ ಕಫ್‌ಲಿಂಕ್. ಅಲುಗಾಡುವ ಕ್ಯಾಬಿನ್ನಿನಲ್ಲಿ ಒಂದು ಸ್ಟಡ್ ಮಂಚದ ಕೆಳಗೆ ಉರುಳಿದರೆ ಮುಗೀತು, ಊಟಕ್ಕೆ ತಡ. ಎರಡು ಸಂಜೆಗೆ ಸುಮ್ನೆ ಯಾಕೆ ಕೊಳ್ಳೋದು? ರಿಸೆಪ್ಶನ್‌ಗೆ ಹೊಲಿಸಿದ ನೇವಿ ಬ್ಲೂ ಸೂಟ್ ಬೀರುವಿನಲ್ಲೇ ಇದೆ, ಅಲ್ವಾ?

ನನ್ನ ಓಟು ಮಾತ್ರ ಕತ್ತಿನವರೆಗೆ ಗುಂಡಿ ಹಾಕುವ ನಮ್ಮ ಬಂದ್‌ಗಲಾ ಕೋಟಿಗೆ. ತಮ್ಮ ದೇಶದ ಸಾಂಪ್ರದಾಯಿಕ ಉಡುಪನ್ನೂ ಕ್ಯುನಾರ್ಡ್ ಒಪ್ಪುತ್ತದೆ. ಟೈ ಕಟ್ಟುವ ರಗಳೆಯಿಲ್ಲ, ಫೋಟೋದಲ್ಲಿ ಕಪ್ಪು ಕೋಟುಗಳ ನಡುವೆ ಎದ್ದು ಕಾಣುತ್ತೀರಿ. ರೇಷ್ಮೆ ಪಂಚೆಯೂ ನಡೆದೀತು. ಡೆಕ್ ಮೇಲಿನ ಅಟ್ಲಾಂಟಿಕ್ ಗಾಳಿ ನೆನೆದರೆ ನನಗಂತೂ ಧೈರ್ಯ ಸಾಲದು!

ಹುಡುಗರಿಗೆ ಪೂರ್ತಿ ಸೂಟ್ ದಂಡ. ಮುಂದಿನ ವರ್ಷಕ್ಕೆ ತೋಳು ಗಿಡ್ಡವಾಗುತ್ತದೆ. ಕಪ್ಪು ಪ್ಯಾಂಟ್, ಬಿಳಿ ಅಂಗಿ, ಎಲಾಸ್ಟಿಕ್ ಬೋ ಟೈ ಸಾಕು. ಶೂ ಹೊಸದಾದರೆ ಮನೆಯಲ್ಲೇ ನಾಲ್ಕು ದಿನ ಹಾಕಿಸಿ ಹದಮಾಡಿ.

ಇದ್ಯಾವುದೂ ಬೇಡವೆನ್ನುವವರು ಕಿಂಗ್ಸ್ ಕೋರ್ಟ್ ಬಫೆಯಲ್ಲಿ ಆರಾಮಾಗಿ ಊಟ ಮಾಡಬಹುದು. ಇಲ್ಲವೇ ಗಾಲಾ ಉಡುಪಿನ ಕಡ್ಡಾಯವೇ ಇಲ್ಲದ ನಾರ್ವೇಜಿಯನ್ ಕ್ರೂಸ್ ಲೈನ್ ಹಡಗು ಹಿಡಿಯಬಹುದು.