ಬೆಂಗಳೂರು–ಲಂಡನ್ ಡೈರೆಕ್ಟ್ ಫ್ಲೈಟ್: ಟಿಕೆಟಲ್ಲಿ ಹತ್ತೂವರೆ ಗಂಟೆ, ನನಗೆ ಹಿಡಿದಿದ್ದು ಇಪ್ಪತ್ತೆರಡು

ಜೂನಲ್ಲಿ ಅಕ್ಕನ ಮನೆಗೆ ಅಂತ ಲಂಡನ್‌ಗೆ ಹೋಗಿ ಬಂದೆ. ಏರ್‌ಲೈನ್ ಹೆಸರು ಬೇಡ ಬಿಡಿ, ಈ ರೂಟಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿ ಇದಾವೆ, ಎಕಾನಮಿ ಸೀಟಲ್ಲಿ ಮಂಡಿ ಮುಂದಿನ ಸೀಟಿಗೆ ತಾಗೋದು ಎಲ್ಲಾ ಕಡೆ ಹೆಚ್ಚೂಕಮ್ಮಿ ಒಂದೇ. ದೂರ ಸುಮಾರು 8,000 ಕಿಮೀ.

ಟಿಕೆಟ್ ತೋರ್ಸಿದ್ರೆ ಅಮ್ಮ, "ಏಳಕ್ಕೆ ಹೊರಟು ಒಂದಕ್ಕೆ ಇಳೀತೀಯಾ? ಬರೀ ಆರು ಗಂಟೆ, ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋದಂಗಾಯ್ತಲ್ಲೋ" ಅಂದ್ರು. ಬೇಸಿಗೇಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ, ಅದನ್ನ ಸೇರ್ಸಿದ್ರೆ ಹತ್ತೂವರೆ ಆಗತ್ತಮ್ಮ ಅಂತ ವಿವರಿಸೋ ಹೊತ್ತಿಗೆ ಅವರು ಆಗ್ಲೇ ಚಟ್ನಿಪುಡಿ ತೂಕ ಮಾಡ್ತಾ ಕೂತಿದ್ರು.

ನಿಜವಾದ ಲೆಕ್ಕ ಕೇಳಿ. ಮೈಸೂರಲ್ಲಿ ಮನೆ ಬಿಟ್ಟಿದ್ದು ರಾತ್ರಿ ಒಂಬತ್ತೂ ಮುಕ್ಕಾಲಿಗೆ, ಫ್ಲೈಬಸ್‌ನಲ್ಲಿ ಏರ್‌ಪೋರ್ಟ್‌ಗೆ ನಾಲ್ಕು ಗಂಟೆ (ಬಸ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು, ನಿದ್ದೆ ಬಂದಿದ್ದು ಅದರಲ್ಲೇ), ಆಮೇಲೆ ಟರ್ಮಿನಲ್ 2ರಲ್ಲಿ ಬಿದಿರಿನ ಚಾವಣಿ ನೋಡ್ಕೊಂಡು ಐದೂ ಕಾಲು ಗಂಟೆ ಕಾಯೋದು.

ಮೇಲೆ ಹೋದ್ಮೇಲೆ ಊಟದ ಕಥೆ. ವೆಜ್ ಅಂತ ಮೊದಲೇ ಬುಕ್ ಮಾಡಿರಲಿಲ್ಲ, ತಪ್ಪು ನಂದೇ, ಗಾಡಿ ನನ್ನ ಸಾಲಿಗೆ ಬರೋಷ್ಟರಲ್ಲಿ ವೆಜ್ ಖಾಲಿ. ಒಂದು ಬನ್ನು, ಬೆಣ್ಣೆ, ಕಟ್ ಮಾಡಿದ ಹಣ್ಣು ಕೊಟ್ರು. ಏಷ್ಯನ್ ವೆಜಿಟೇರಿಯನ್ ಮೀಲ್ ಅಂತ ಆಪ್ಷನ್ ಇರತ್ತೆ, ಹೊರಡೋಕೆ ಒಂದು ದಿನ ಮುಂಚೆನೇ ಹಾಕ್ಬಿಡಿ.

ಟೈಮ್ ಪಾಸ್ ಆಗಿದ್ದು ಮುಂದಿನ ಸ್ಕ್ರೀನಲ್ಲಿರೋ ಮ್ಯಾಪಿಂದ. ಹೊರಗಡೆ ಮೈನಸ್ 54 ಡಿಗ್ರಿ, ಹೋಗ್ತಾ ಸ್ಪೀಡು 820ರ ಆಸುಪಾಸು, ವಾಪಸ್ ಬರ್ತಾ ಅದೇ ಸ್ಕ್ರೀನಲ್ಲಿ 950 ದಾಟ್ತು. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ, ಜೆಟ್ ಸ್ಟ್ರೀಮ್ ಅಂತಾರಲ್ಲ, ಹೋಗುವಾಗ ಎದುರಿಗೆ ಹೊಡೆಯತ್ತೆ ಬರುವಾಗ ಬೆನ್ನಿಗೆ ತಳ್ಳತ್ತೆ, ಹಂಗಾಗಿ ಅದೇ ದೂರಕ್ಕೆ ವಾಪಸ್ ಮುಕ್ಕಾಲು ಗಂಟೆ ಕಮ್ಮಿ. ಬುಕ್ ಮಾಡೋವಾಗ ಎರಡೂ ಕಡೆ ಟೈಮು ಬೇರೆಬೇರೆ ಕಂಡ್ರೆ ಗಾಬರಿ ಬೇಡ.

ಇನ್ನೇನು ಬಂತು ಅನ್ನೋವಾಗ ಲಂಡನ್ ಹತ್ರ ಆಕಾಶದಲ್ಲೇ ಎರಡು ಸುತ್ತು ಹೊಡೆಸಿದ್ರು, ಹೀಥ್ರೂನಲ್ಲಿರೋದು ಎರಡೇ ರನ್‌ವೇ, ಸಾಲಲ್ಲಿ ನಿಲ್ಲಬೇಕು. ಹತ್ತೂವರೆ ಗಂಟೆಲಿ ಇದೂ ಸೇರಿತ್ತು ಅನ್ನೋದು ಸಮಾಧಾನ. ಇಮಿಗ್ರೇಷನ್ನು, ಬ್ಯಾಗು ಮುಗಿಸಿ ಪಿಕಡಿಲಿ ಲೈನ್ ಟ್ರೈನ್ ಹತ್ತಿ ಹೌನ್ಸ್‌ಲೋ ವೆಸ್ಟಲ್ಲಿ ಇಳಿದು ಅಕ್ಕನ ಮನೆ ಬೆಲ್ ಒತ್ತಿದಾಗ ಅಲ್ಲಿ ಮೂರೂವರೆ, ಮೈಸೂರಲ್ಲಿ ರಾತ್ರಿ ಎಂಟು. ಒಟ್ಟು ಇಪ್ಪತ್ತೆರಡೂ ಕಾಲು ಗಂಟೆ, ಫ್ಲೈಟಿನ ಪಾಲು ಅರ್ಧಾನೂ ಇಲ್ಲ!

ಆದ್ರೂ ಡೈರೆಕ್ಟೇ ತಗೊಳ್ಳಿ, ದುಬೈ ದೋಹಾ ಕಡೆ ಇಳಿದು ಹತ್ತಿದ್ರೆ ಇನ್ನೂ ಮೂರ್ನಾಲ್ಕು ಗಂಟೆ ಸೇರತ್ತೆ, ವಯಸ್ಸಾದವರ ಜೊತೆ ಅಂತೂ ಬೇಡವೇ ಬೇಡ. ನನ್ನ ಕಡೆಯಿಂದ ಐದಕ್ಕೆ ಮೂರೂವರೆ, ಒಂದು ಮಾರ್ಕು ಕಟ್ ಆಗಿದ್ದು ಬನ್ನಿಗೆ.

ಮತ್ತೆ ಕಿಟಕಿ ಸೀಟು ಸಿಕ್ರೆ ಹೋಗುವಾಗ ಬಲಗಡೆದು ಹಿಡೀರಿ. ಪೂರ್ವದಿಂದ ಇಳಿಸೋ ದಿನ ಆದ್ರೆ ಥೇಮ್ಸ್ ನದಿ, ಸೇತುವೆಗಳು, ಇಡೀ ಊರು ಆ ಕಡೆ ಕಾಣತ್ತೆ. ನಾನು ಎಡಗಡೆ ಕೂತು ಬಲಗಡೆಯವರ ಫೋನುಗಳನ್ನ ನೋಡ್ದೆ.