ರೈಲಿನಲ್ಲಿ ಕೇಳಿದ ದೆವ್ವದ ಕಥೆಗಳು, ನಡುವೆ ಸಕ್ಕರೆ ಕಾಯಿಲೆಯ ಪುಡಿ

ಅಪ್ಪನಿಗೆ ಮಂಗಳೂರಿನಲ್ಲಿ ಕರೆಂಟ್, ಅಂದರೆ ರೇಡಿಯೇಶನ್ ಚಿಕಿತ್ಸೆ, ಕೊಡಿಸುತ್ತಿದ್ದೇವೆ. ವಾರಕ್ಕೆ ಐದು ದಿನ, ಕಾಸರಗೋಡಿನಿಂದ ಬೆಳಗಿನ ರೈಲು, ಹೆಚ್ಚುಕಡಿಮೆ 50 ಕಿಲೋಮೀಟರ್. ಒಳಗೆ ಹತ್ತು ನಿಮಿಷದ ಕೆಲಸ, ಹೊರಗೆ ಕಾಯುವುದು ಮೂರು ಗಂಟೆ. ಹೊತ್ತು ಹೋಗಲಿ ಅಂತ ಕಥೆ ಕೇಳುವ ಒಂದು ಆ್ಯಪ್ ಹಾಕಿಕೊಂಡೆ. ತಿಂಗಳಿಗೆ 99 ರೂಪಾಯಿ, ಮೊದಲ ವಾರ ಪುಕ್ಕಟೆ. ಅದರಲ್ಲಿ ದೆವ್ವದ ಕಥೆಗಳ ಒಂದು ಸರಣಿ ಇದೆ. ಮನೆಯಲ್ಲಿ ಕಾಯಿಲೆ ಬಿದ್ದವರನ್ನು ಉಳಿಸಿಕೊಳ್ಳಲು ಯಾರಿಗೋ ಏನೋ ಮಾತು ಕೊಟ್ಟು ಸಿಕ್ಕಿಬೀಳುವವರ ಕಥೆಗಳು. ಆಸ್ಪತ್ರೆ ಬೆಂಚಿನ ಮೇಲೆ ಕೂತು ಇದನ್ನೇ ಯಾಕೆ ಕೇಳಿದೆ ಅಂತ ಕೇಳಬೇಡಿ. ಹೆಂಡತಿ ಆಗಲೇ ಕೇಳಿ ಆಯಿತು.

ಮೊದಲ ತಕರಾರು ಮಂತ್ರವಾದಿಯದ್ದು. ಮೂರು ಕಥೆಗಳಲ್ಲಿ ಮೂವರೂ 'ಕೇರಳದ ಮಂತ್ರವಾದಿ'ಗಳೇ. ನಾವೂ ಕೇರಳದವರೇ ಮಾರಾಯ್ರೇ! 1956ರಲ್ಲಿ ಗಡಿ ಎಳೆದಾಗ ಈ ಕಡೆ ಬಿದ್ದೆವು, ಅಂದಿನಿಂದ ಘಟ್ಟದ ಮೇಲಿನ ನೆಂಟರ ಕಣ್ಣಲ್ಲಿ ನಮಗೆಲ್ಲ ಅಷ್ಟಿಷ್ಟು ಮಾಟ ಗೊತ್ತು. ಈ ಮಂತ್ರವಾದಿಗಳು ಬಾಯಿ ತೆರೆಯುವ ಮೊದಲೇ ಗಹಗಹಿಸುತ್ತಾರೆ, ಹಿಂದಿನಿಂದ ಚೆಂಡೆ ಬೇರೆ. ನಗುತ್ತಾ ಬರುವವನ ಜೊತೆ ಯಾರು ವ್ಯವಹಾರಕ್ಕೆ ಇಳಿಯುತ್ತಾರೆ? ಹೆದರಿಕೆ ಇರುವುದು ಕೊಡುವವನಲ್ಲಿ ಅಲ್ಲ, ಕೇಳುವವನು ಎಷ್ಟು ಸಲೀಸಾಗಿ 'ಆಯ್ತು' ಅನ್ನುತ್ತಾನಲ್ಲ, ಅದರಲ್ಲಿ. ದಾರಿ ಮುಚ್ಚಿದಾಗ ಮನುಷ್ಯ ಯಾವುದಕ್ಕೂ ಒಪ್ಪುತ್ತಾನೆ. 2020ರ ಲಾಕ್‌ಡೌನ್‌ನಲ್ಲಿ ಮಂಗಳೂರಿಗೆ ಹೊರಟ ಆಂಬುಲೆನ್ಸ್‌ಗಳನ್ನು ತಲಪಾಡಿ ಗಡಿಯಲ್ಲಿ ತಡೆದದ್ದು ನಮ್ಮ ಕಡೆ ಯಾರೂ ಮರೆತಿಲ್ಲ.

ನಾಲ್ಕನೆಯ ಕಥೆಗೆ ಮಾತ್ರ 99 ರೂಪಾಯಿ ದಂಡ ಅಲ್ಲ. ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ ಜರ್ಮನ್ ಜನಪದ ಕಥೆಗಳಲ್ಲಿ ಒಂದು. ಬಡವನೊಬ್ಬ ತನ್ನ ಹದಿಮೂರನೆಯ ಮಗುವಿಗೆ ಸಾವನ್ನೇ ಧರ್ಮಪಿತನನ್ನಾಗಿ (ಕ್ರೈಸ್ತರಲ್ಲಿ ದೀಕ್ಷಾಸ್ನಾನದ ಹೊತ್ತು ಮಗುವಿನ ಹೊಣೆ ಹೊರುವವನು) ಮಾಡುತ್ತಾನೆ, ಯಾಕೆಂದರೆ ಬಡವ ಬಲ್ಲಿದ ಅಂತ ನೋಡದವನು ಅವನೊಬ್ಬನೇ. ಮಗು ದೊಡ್ಡವನಾಗಿ ವೈದ್ಯನಾಗುತ್ತಾನೆ. ರೋಗಿಯ ತಲೆಯ ಹತ್ತಿರ ಸಾವು ನಿಂತಿದ್ದರೆ ಮದ್ದು ಕೊಡಬಹುದು, ಕಾಲ ಹತ್ತಿರ ನಿಂತಿದ್ದರೆ ಕೊಡಬಾರದು. ಒಪ್ಪಂದ ಅಂದರೆ ಅಷ್ಟೇ. ಗಹಗಹಿಸುವುದಿಲ್ಲ, ರಕ್ತ ಇಲ್ಲ. ರಾಜ ಕಾಯಿಲೆ ಬಿದ್ದಾಗ ಸಾವು ಕಾಲ ಹತ್ತಿರ ನಿಂತಿದೆ, ವೈದ್ಯ ಮೆಲ್ಲಗೆ ರೋಗಿಯನ್ನೇ ತಿರುಗಿಸಿ ಮಲಗಿಸುತ್ತಾನೆ! ಉತ್ತರಕ್ಕೆ ತಲೆ ಹಾಕಿ ಮಲಗಬೇಡ ಅಂತ ಬೈಸಿಕೊಂಡು ಬೆಳೆದವರಿಗೆ ಈ ಜಾಗ ಸೀದಾ ಹೊಟ್ಟೆಗೆ ಇಳಿಯುತ್ತದೆ. ಓದುವ ಹೆಂಗಸು ಇಲ್ಲಿ ದನಿ ಏರಿಸದೆ, ಮನೆಯಲ್ಲಿ ಹಾಸಿಗೆ ಸರಿಮಾಡಿದ ಸುದ್ದಿ ಹೇಳಿದ ಹಾಗೆ ಓದಿದ್ದಾರೆ. ಕೊನೆಗೆ ಬರುವ ಮೇಣದಬತ್ತಿಗಳ ಗುಹೆಯ ವಿಷಯ ನಾನು ಹೇಳುವುದಿಲ್ಲ, ಕೇಳಿ.

ಪುಕ್ಕಟೆ ವಾರದ ಜಾಹೀರಾತುಗಳದ್ದು ಬೇರೆಯೇ ಕಥೆ. ವೈದ್ಯ ಇನ್ನೇನು ರೋಗಿಗೆ ಕೈ ಹಾಕಬೇಕು, ಅಷ್ಟರಲ್ಲಿ ಒಬ್ಬ ಬಂದು 'ಸಕ್ಕರೆ ಕಾಯಿಲೆ ಬುಡದಿಂದಲೇ ಗುಣ, ಇಂದೇ ಫೋನ್ ಮಾಡಿ' ಅಂತ ಪುಡಿ ಮಾರುತ್ತಾನೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಅನ್ನುವ ಕಾನೂನು 1954ರಿಂದಲೇ ಇದೆ, ಅದರ ಹೆಸರಿನಲ್ಲೇ 'ಮಾಂತ್ರಿಕ ಪರಿಹಾರ' ಅಂತ ಇದೆ. ಬೆಂಚಿನಲ್ಲಿ ಪಕ್ಕ ಕೂತಿದ್ದ ಉಪ್ಪಳದ ಒಬ್ಬರು ಅದನ್ನು ಕೇಳಿಸಿಕೊಂಡು ನಂಬರ್ ಬರೆದುಕೊಂಡರು. ಬೇಡ ಅಂದೆ. 'ಸುಮ್ನೆ ಇರಲಿ' ಅಂದರು. ಆ ಇಡೀ ಸರಣಿಯಲ್ಲಿ ನನಗೆ ನಿಜವಾಗಿ ಚಳಿ ಹಿಡಿಸಿದ್ದು ಅದೊಂದೇ.

ಉಳಿದದ್ದು ಚುಟುಕಾಗಿ. ರೈಲಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ನಿದ್ದೆ ಬಂದರೆ ತಾನೇ ನಿಲ್ಲುವ ವ್ಯವಸ್ಥೆ ಇಲ್ಲ.

ವಾಪಸ್ ಬರುವಾಗ ಗ್ರಿಮ್ ಕಥೆಯನ್ನು ಅಪ್ಪನಿಗೂ ಕೇಳಿಸಿದೆ, ಒಂದು ಕಿವಿ ಅವರಿಗೆ, ಒಂದು ನನಗೆ. ಹಾಕಿದ ಮೇಲೆ ಯಾಕಪ್ಪಾ ಹಾಕಿದೆ ಅನ್ನಿಸಿತು. ಮಂಜೇಶ್ವರ ದಾಟುವವರೆಗೆ ಏನೂ ಹೇಳಲಿಲ್ಲ. ಆಮೇಲೆ ಇಯರ್‌ಫೋನ್ ತೆಗೆದು, 'ನನ್ನ ರೂಮಿನಲ್ಲಿ ತಲೆ ಹತ್ತಿರವೂ ಯಾರಿಲ್ಲ, ಕಾಲ ಹತ್ತಿರವೂ ಯಾರಿಲ್ಲ ಮಗಾ. ಮಿಷನ್ ಶುರುವಾಗುವ ಮೊದಲು ಬಾಗಿಲು ಹಾಕಿ ಎಲ್ಲರೂ ಹೊರಗೆ ಹೋಗ್ತಾರೆ' ಅಂದರು.

ಇನ್ನು ಹನ್ನೊಂದು ಕರೆಂಟ್ ಬಾಕಿ ಇದೆ. ಇನ್ನೊಂದು ತಿಂಗಳಿಗೆ ದುಡ್ಡು ಕಟ್ಟಿದ್ದೇನೆ.