ರಾತ್ರಿ ಕಳೆಯುವಷ್ಟರಲ್ಲಿ ಇಳಿಯುವ ಕಾರ್ ಬ್ಯಾಟರಿ: ಡಿಸಿ ಕ್ಲ್ಯಾಂಪ್ ಮೀಟರಿನ ದೀರ್ಘಕಾಲದ ಬಳಕೆಯ ವಿಮರ್ಶೆ

ಸಂಜೆ ಸಲೀಸಾಗಿ ಸ್ಟಾರ್ಟ್ ಆಗುವ ಕಾರು ಬೆಳಗಾಗುವಷ್ಟರಲ್ಲಿ ಮಾತೇ ಆಡದಿರಲು ಕಾರಣವೇನೆಂದು ತಿಳಿಯಲೆಂದೇ ನಾನು ಈ ಡಿಸಿ ಕ್ಲ್ಯಾಂಪ್ ಮೀಟರನ್ನು, ಅಂದರೆ ತಂತಿಯ ಸುತ್ತ ದವಡೆ ಹಾಕಿ ಅದರಲ್ಲಿ ಹರಿಯುವ ಡಿಸಿ (ಬ್ಯಾಟರಿಯ ಏಕಮುಖ) ಕರೆಂಟನ್ನು ಅಳೆಯುವ ಸಾಧನವನ್ನು ಕೊಂಡೆ. ಕೆಲವು ವರ್ಷ ಬಳಸಿದ ಮೇಲೂ, ಇಂಥ ದೋಷ ಹುಡುಕಲು ಇದಕ್ಕಿಂತ ಉಪಯುಕ್ತವಾದ ಸಾಧನವನ್ನು ನಾನು ಕಂಡಿಲ್ಲ.

ಸಾಮಾನ್ಯ ಮಲ್ಟಿಮೀಟರಿನಲ್ಲಿ ಕರೆಂಟ್ ಅಳೆಯಬೇಕಾದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲನ್ನು ಬಿಚ್ಚಿ ಮೀಟರನ್ನು ನಡುವೆ ಸೇರಿಸಬೇಕು. ಹಾಗೆ ಬಿಚ್ಚಿ ಸೇರಿಸಿದಾಗ ಕಾರಿನ ಎಲೆಕ್ಟ್ರಾನಿಕ್ ಘಟಕಗಳು ಮತ್ತೆ ಎಚ್ಚರಗೊಂಡು, ಕೆಲವೊಮ್ಮೆ ಹುಡುಕುತ್ತಿದ್ದ ದೋಷವೇ ಸದ್ಯಕ್ಕೆ ಮಾಯವಾಗುತ್ತದೆ. ಕ್ಲ್ಯಾಂಪ್ ಮೀಟರಿಗೆ ಏನನ್ನೂ ಬಿಚ್ಚಬೇಕಾಗಿಲ್ಲ, ನೆಗೆಟಿವ್ ಟರ್ಮಿನಲ್ಲಿಗೆ ಬರುವ ಎಲ್ಲ ತಂತಿಗಳೂ ಅದರ ದವಡೆಯೊಳಗೆ ಸೇರಿದರೆ ಸಾಕು. ಬಾನೆಟ್ ತೆರೆದಿಟ್ಟು ಕಾರನ್ನು ಲಾಕ್ ಮಾಡಿದಾಗ ಮೊದಲಿಗೆ ಕೆಲವು ಆಂಪಿಯರ್ ತೋರಿಸುವ ಅಂಕಿ, ಒಂದೊಂದೇ ಘಟಕ ನಿದ್ರೆಗೆ ಜಾರಿದಂತೆ, ಹಂತಹಂತವಾಗಿ ಇಳಿಯುತ್ತದೆ. ಇದಕ್ಕೆ ಒಂದು ಗಂಟೆಯವರೆಗೂ ಕಾಯಬೇಕಾಗಬಹುದು. ಕೊನೆಗೆ 50 ಮಿಲಿಆಂಪಿಯರಿಗಿಂತ ಕಡಿಮೆಯಿದ್ದರೆ ಬಹುತೇಕ ಕಾರುಗಳಲ್ಲಿ ಅದು ಸಹಜ.

ನನ್ನ ಕಾರಿನಲ್ಲಿ ಅಂಕಿ 0.9 ಆಂಪಿಯರಿನಲ್ಲೇ ನಿಂತುಬಿಟ್ಟಿತು. ಅಂದರೆ 12 ಗಂಟೆಗಳಲ್ಲಿ ಸುಮಾರು 11 ಆಂಪಿಯರ್ ಅವರ್ (ಬ್ಯಾಟರಿಯ ಚಾರ್ಜ್ ಅಳೆಯುವ ಮಾನ), 45 ಆಂಪಿಯರ್ ಅವರ್ ಬ್ಯಾಟರಿಯ ಕಾಲು ಭಾಗ. ಪೂರ್ತಿ ಚಾರ್ಜಾದ ಹೊಸ ಬ್ಯಾಟರಿ ಇದನ್ನು ಒಂದು ರಾತ್ರಿ ತಾಳಿಕೊಂಡೀತು, ಹಳೆಯದು ತಾಳುವುದಿಲ್ಲ. ಆದ್ದರಿಂದ ಬ್ಯಾಟರಿಯ ಸ್ಥಿತಿಯನ್ನೂ ಪರೀಕ್ಷಿಸದೆ ಕರೆಂಟಿನ ಸೋರಿಕೆಯೊಂದನ್ನೇ ದೂರುವುದು ಸರಿಯಲ್ಲ.

ಬಾಗಿಲು ಮುಚ್ಚಿದೆಯೆಂದೇ ಕಾರು ತಿಳಿಯುವಂತೆ, ತೆರೆದ ಬಾಗಿಲ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಿರುಗಿಸಿಟ್ಟು, ಫ್ಯೂಸುಗಳನ್ನು ಕೀಳದೆಯೇ, ಪ್ರತಿ ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ತುದಿಗಳಿಗೆ ಇದೇ ಮೀಟರಿನ ಪ್ರೋಬ್ ಮುಟ್ಟಿಸಿ ಮಿಲಿವೋಲ್ಟ್ ನೋಡುತ್ತ ಹೋದೆ; ಕರೆಂಟ್ ಹರಿಯುತ್ತಿರುವ ಫ್ಯೂಸಿನ ಎರಡು ತುದಿಗಳ ನಡುವೆ ಸಣ್ಣ ವೋಲ್ಟೇಜ್ ಕಾಣುತ್ತದೆ. ಯಾವುದರಲ್ಲೂ ಹೇಳುವಂಥ ಅಂಕಿ ಬರಲಿಲ್ಲ. ಉಳಿದದ್ದು ಬ್ಯಾಟರಿಯಿಂದ ನೇರವಾಗಿ ಸ್ಪೀಕರುಗಳ ಆಂಪ್ಲಿಫೈಯರಿಗೆ ಹೋಗುವ, ಆಮೇಲೆ ಹಾಕಿಸಿದ ತಂತಿ. ಅದರ ಸುತ್ತ ದವಡೆ ಹಾಕಿದೊಡನೆ ಹೆಚ್ಚುಕಡಿಮೆ ಪೂರ್ತಿ 0.9 ಅಲ್ಲೇ ಸಿಕ್ಕಿತು; ಸೀಟಿನಡಿ ಕೈಯಿಟ್ಟರೆ ಆಂಪ್ಲಿಫೈಯರ್ ಬೆಚ್ಚಗಿತ್ತು. ಅದನ್ನು ಆನ್ ಮಾಡುವ ರಿಮೋಟ್ ತಂತಿಯನ್ನು, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಕೊಡುವ ಬದಲು, ಸದಾ ಕರೆಂಟ್ ಇರುವ ಲೈನಿಗೆ ಜೋಡಿಸಲಾಗಿತ್ತು. ಅದನ್ನು ಬದಲಿಸಿದ ಮೇಲೆ ಅಂಕಿ 30 ಮಿಲಿಆಂಪಿಯರಿಗೆ ಇಳಿಯಿತು.

ಈ ಮೀಟರಿನ ದೊಡ್ಡ ಕೊರತೆಯೆಂದರೆ ಅದರ ಸೊನ್ನೆ ಸ್ಥಿರವಾಗಿ ನಿಲ್ಲುವುದಿಲ್ಲ. ಹಿಡಿದ ದಿಕ್ಕು ಬದಲಾದರೂ ಅಂಕಿ ಕದಲುವುದರಿಂದ, ಅಳೆಯಲಿರುವ ಜಾಗದಲ್ಲೇ ಪ್ರತಿ ಬಾರಿ ಜೀರೋ ಗುಂಡಿಯನ್ನು ಒತ್ತಬೇಕು. ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ: ಅನೇಕ ಕ್ಲ್ಯಾಂಪ್ ಮೀಟರುಗಳು ದವಡೆಯಿಂದ ಎಸಿ (ಮನೆಯ ಲೈನಿನ) ಕರೆಂಟನ್ನು ಮಾತ್ರ ಅಳೆಯುತ್ತವೆ, ಅವು ಈ ಕೆಲಸಕ್ಕೆ ಬರುವುದಿಲ್ಲ, ಡಿಸಿ ಅಳೆಯುವಂಥವುಗಳಲ್ಲೂ 10 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ತೋರಿಸುವುದನ್ನೇ ಆರಿಸಿಕೊಳ್ಳಬೇಕು.